ಗೌಂಡಿಗೆ (ಮನೆ ಕಟ್ಟುವ ಮೇಸ್ತ್ರಿಗೆ) ದುಡ್ಡು ಯಾವಾಗ ಕೊಡಬೇಕು, ಎಷ್ಟು ಕೊಡಬೇಕು

ವಿಜಯಪುರ, ಬಾಗಲಕೋಟೆ ಕಡೆ ಮನೆ ಕಟ್ಟಿಸುವವರು ಮೊದಲು ಕೇಳೋದು "ಚದರಡಿಗೆ ಎಷ್ಟು?" ಅಂತ. ದುಡ್ಡು ಯಾವಾಗ ಕೊಡಬೇಕು ಅಂತ ಯಾರೂ ಕೇಳಲ್ಲ. ರೇಟಿನಲ್ಲಿ ಹತ್ತು ರೂಪಾಯಿ ಎಳೆದಾಡಿ ಇಳಿಸಿದವರೇ ಆಮೇಲೆ ಲಕ್ಷಗಟ್ಟಲೆ ಅಡ್ವಾನ್ಸ್ ಕೊಟ್ಟು, ಅರ್ಧ ಎದ್ದ ಗೋಡೆ ನೋಡುತ್ತಾ ಫೋನ್ ಮಾಡ್ತಾ ಕೂತಿರುತ್ತಾರೆ. ಮುಳುಗಡೆ ಪರಿಹಾರ, ಹೊಲ ಮಾರಿದ ದುಡ್ಡು, ನಿವೃತ್ತಿ ದುಡ್ಡು ಒಮ್ಮೆಲೇ ಬಂದಾಗ ಈ ಅಪಾಯ ಜಾಸ್ತಿ. ಖಾತೆಯಲ್ಲಿ ದುಡ್ಡಿದೆ ಅಂತ ಊರಿಗೆಲ್ಲ ಗೊತ್ತಿರುತ್ತೆ ಅಲ್ವಾ.

ನಾನು ಎಲ್ಲರಿಗೂ ಹೇಳೋದು ಇಷ್ಟೇ: ಕೆಲಸ ಮುಂದೆ ಇರಲಿ, ದುಡ್ಡು ಒಂದೇ ಹೆಜ್ಜೆ ಹಿಂದೆ ಇರಲಿ. ಆದರೆ ಆಗಿರುವ ಕೆಲಸದ ದುಡ್ಡನ್ನು ಹೇಳಿದ ದಿನವೇ ಕೊಡಿ. ಸತಾಯಿಸಬೇಡಿ. ಬಿಸಿಲಲ್ಲಿ ಇಟ್ಟಂಗಿ ಹೊತ್ತವರ ಕೂಲಿ ಅದು.

ಗೌಂಡಿಯನ್ನು ಆರಿಸುವಾಗ ಈಗ ನಡೆಯುತ್ತಿರುವ ಕೆಲಸ ಮಾತ್ರ ನೋಡಿದರೆ ಸಾಲದು. ಎರಡು ಮೂರು ಮಳೆಗಾಲ ಕಂಡ ಮನೆ ಯಾವುದಿದೆ ಅಂತ ಕೇಳಿ, ಅಲ್ಲಿಗೆ ಹೋಗಿ. ನಮ್ಮ ಕಡೆ ಎರಿ ಮಣ್ಣು (ಕಪ್ಪು ಮಣ್ಣು) ಜಾಸ್ತಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಪಾಯ ಗಟ್ಟಿ ನೆಲಕ್ಕೆ ಇಳಿದಿಲ್ಲ ಅಂದ್ರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತೆ. ಪಾಯದ ಒಳಗೆ ಗರಸು (ಗಟ್ಟಿ ಕೂರುವ ಜಲ್ಲಿ ಮಣ್ಣು) ತುಂಬಿದ್ದಾರಾ, ತೋಡಿದ ಎರಿ ಮಣ್ಣನ್ನೇ ವಾಪಸ್ ತುಂಬಿದ್ದಾರಾ ಅಂತ ಮನೆಯವರನ್ನೇ ಕೇಳಿ. ಇನ್ನೊಂದು ವಿಚಾರಣೆ ಸದ್ದಿಲ್ಲದೆ ಮಾಡಬೇಕು. ಅವರ ಆಳುಗಳಿಗೆ ವಾರದ ಬಟವಾಡೆ (ಕೂಲಿ) ಸರಿಯಾಗಿ ಸಿಗುತ್ತಾ? ಸಿಮೆಂಟ್ ಅಂಗಡಿಯಲ್ಲಿ ಹಳೇ ಬಾಕಿ ಎಷ್ಟಿದೆ? ಬಾಕಿಯಲ್ಲಿ ಮುಳುಗಿದ ಗುತ್ತಿಗೆದಾರ ನಿಮ್ಮ ದುಡ್ಡಿನಿಂದ ಹಿಂದಿನ ಮನೆ ಮುಗಿಸುತ್ತಾನೆ. ನಿಮ್ಮ ಮನೆ ಮುಗಿಸೋಕೆ ಮುಂದಿನವರು ಅಡ್ವಾನ್ಸ್ ಕೊಡೋವರೆಗೆ ಕಾಯಬೇಕಾಗುತ್ತೆ.

ಮಾತು ಮುಗಿದ ಮೇಲೆ ಬಾಂಡ್ (ಛಾಪಾ ಕಾಗದ) ಮೇಲೆ ಬರೆಸಿ. ಬಾಯಿ ಮಾತಿನ ನಂಬಿಕೆ ದೊಡ್ಡದೇ, ಆದರೆ ಆರು ತಿಂಗಳ ಹಿಂದೆ ಏನು ಮಾತಾಗಿತ್ತು ಅನ್ನೋದು ಇಬ್ಬರಿಗೂ ಬೇರೆ ಬೇರೆ ನೆನಪಿರುತ್ತೆ. ಚದರಡಿ ಎಲ್ಲಿಂದ ಎಲ್ಲಿಗೆ ಅಳೆಯೋದು? ಮೆಟ್ಟಿಲು, ಪ್ಯಾರಾಪೆಟ್, ನೀರಿನ ಟಾಕಿ, ಪೋರ್ಚ್ ಒಳಗೆ ಬರುತ್ತಾ? ಸೆಂಟ್ರಿಂಗ್ ಸಾಮಾನು (ಸ್ಲ್ಯಾಬಿಗೆ ಕೆಳಗೆ ಕೊಡುವ ಹಲಗೆ, ಕಂಬ) ಯಾರದು, ನೀರು ಹೊಡೆಯೋದು ಯಾರು? ಜಗಳ ಆಗೋದು ಹೆಚ್ಚಾಗಿ ಇಲ್ಲೇ.

ಈಗ ಕಂತು. ಕೂಲಿ ಗುತ್ತಿಗೆ (ಮಾಲು ನಿಮ್ಮದು, ಕೆಲಸ ಮಾತ್ರ ಅವರದು) 4 ಲಕ್ಷ ಅಂತ ಇಟ್ಟುಕೊಳ್ಳಿ. ಸಂಚಕಾರ (ಮುಂಗಡ) 20 ಸಾವಿರ ಸಾಕು. ಪ್ಲಿಂತ್ (ನೆಲದ ಮಟ್ಟದವರೆಗಿನ ಪಾಯ) ಮುಗಿದಾಗ 60 ಸಾವಿರ, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಮಟ್ಟಕ್ಕೆ 60, ಸ್ಲ್ಯಾಬಿಗೆ 1 ಲಕ್ಷ, ಒಳಗೆ ಹೊರಗೆ ಗಿಲಾವು (ಪ್ಲಾಸ್ಟರ್) ಮುಗಿದಾಗ 80, ಫರಸಿ (ನೆಲಹಾಸು) ಮತ್ತು ಉಳಿದ ಚಿಲ್ಲರೆ ಕೆಲಸಕ್ಕೆ 40. ಇಷ್ಟಕ್ಕೆ 3 ಲಕ್ಷ 60 ಸಾವಿರ ಆಯ್ತು, ಉಳಿದ ಕೊನೆಯ 40 ಸಾವಿರ ನಿಮ್ಮ ಕೈಯಲ್ಲಿರಲಿ. ಅದರಲ್ಲಿ ಅರ್ಧ ಕೆಲಸ ಪೂರ್ತಿ ಮುಗಿದಾಗ, ಇನ್ನರ್ಧ ಒಂದು ಮಳೆಗಾಲ ಕಳೆದ ಮೇಲೆ. ಈ ಅಂಕಿ ನಿಮ್ಮ ಕೆಲಸಕ್ಕೆ ತಕ್ಕಂತೆ ಬದಲಾಗಲಿ, ಕೊನೆಯ ಹತ್ತು ಪರ್ಸೆಂಟ್ ಮಾತ್ರ ಬಿಡಬೇಡಿ. ಮಳೆಗಾಲದ ಷರತ್ತನ್ನು ಮೊದಲ ದಿನವೇ ಬರೆಸಿ, ಕೊನೆಗೆ ಹೇಳಿದರೆ ಯಾರೂ ಒಪ್ಪಲ್ಲ.

ಕಂತು ಬರೆದಿದ್ದರೂ ದುಡ್ಡು ಸೋರೋದು ವಾರದ ಖರ್ಚಿಯಲ್ಲಿ (ಕಂತಿನ ನಡುವೆ ಕೇಳಿ ಪಡೆಯುವ ಕೈಖರ್ಚಿನಲ್ಲಿ). ಆಳುಗಳಿಗೆ ವಾರಕ್ಕೊಮ್ಮೆ ಬಟವಾಡೆ ಆಗಲೇಬೇಕು, ಅವರ ಸಂತೆ ಅದರಲ್ಲೇ. ಹಾಗಾಗಿ ಗೌಂಡಿ ಪ್ರತಿ ವಾರ ಕೇಳ್ತಾರೆ, ಕೇಳೋದು ತಪ್ಪಲ್ಲ. ನಾಗರ ಪಂಚಮಿ ಹತ್ತಿರ ಬಂದಾಗ "ಸರ, ಹುಡುಗರು ಊರಿಗಿ ಹೊಂಟಾರ್ರಿ, ಒಂದ್ ಮೂವತ್ತು ಸಾವಿರ ಕೊಟ್ಟಬಿಡ್ರಿ, ಬಂದ ಮ್ಯಾಲೆ ಸ್ಲ್ಯಾಬ್ ಎತ್ತಿಬಿಡ್ತೀವಿ" ಅಂತಾರೆ. ಹಬ್ಬದ ಹೆಸರು ಕೇಳಿದ ಮೇಲೆ ಇಲ್ಲ ಅನ್ನೋದು ಕಷ್ಟ. ಆ ದಿನ ಇಬ್ಬರೂ ಕೂತು ಲೆಕ್ಕ ನೋಡಿ. ಲಿಂಟಲ್ ಕಂತು 60ರಲ್ಲಿ 35 ಹೋಗಿದೆ, ಗೋಡೆ ಎರಡು ಬದಿ ಮಾತ್ರ ಎದ್ದಿದೆ ಅಂದ್ರೆ ಅರ್ಧ ಕೆಲಸಕ್ಕೆ 30 ಆಗಬೇಕಿತ್ತು, ಆಗಲೇ 5 ಸಾವಿರ ಜಾಸ್ತಿ ಹೋಗಿದೆ. ಆಗ ಹಬ್ಬಕ್ಕೆ ಆಳುಗಳ ಕೈಗೇ ಸಣ್ಣ ಮೊತ್ತ ಕೊಡಿ, ಅದನ್ನೂ ಇದೇ ಕಂತಿನಲ್ಲಿ ಬರೆಯಿರಿ. ಮೂವತ್ತು ಸಾವಿರ ಪೂರ್ತಿ ಕೊಟ್ಟರೆ ವಾಪಸ್ ಬರೋಕೆ ಅವರಿಗೂ ಅವಸರ ಇರಲ್ಲ. ಅಷ್ಟರಲ್ಲಿ ಹೊಲದ ಕೆಲಸ ಶುರುವಾದರೆ ಆಳು ಸಿಗೋದು ಇನ್ನೂ ತಡ.

ಇದಕ್ಕೆ ಎರಡು ವಹಿ (ಲೆಕ್ಕದ ಪುಸ್ತಕ) ಇಡಿ, ಒಂದು ನಿಮ್ಮ ಹತ್ತಿರ, ಒಂದು ಗೌಂಡಿ ಹತ್ತಿರ. ತಾರೀಖು, ಮೊತ್ತ, ಯಾವ ಕಂತಿನದು, ಇಬ್ಬರ ಸಹಿ. ಫೋನ್‌ಪೇ ಮಾಡಿದರೂ ಬರೆಯಿರಿ. ದೊಡ್ಡ ಮೊತ್ತ ಬ್ಯಾಂಕ್ ಮೂಲಕವೇ ಹೋಗಲಿ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳೋಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವೇ ಇಲ್ಲ.

ಮಾಲು ನೀವೇ ತರಿಸುವುದಾದರೆ ಬಿಲ್ ನಿಮ್ಮ ಹೆಸರಿಗೆ ಇರಲಿ, ಇಳಿಸುವಾಗ ಯಾರಾದರೂ ನಿಂತು ಅಳೆಯಲಿ. ಉಸುಕು (ಮರಳು), ಖಡಿ (ಜಲ್ಲಿ) ಬ್ರಾಸ್ ಲೆಕ್ಕ. ಒಂದು ಬ್ರಾಸ್ ಅಂದ್ರೆ 100 ಘನ ಅಡಿ. ಟ್ರ್ಯಾಲಿ ಒಳಗೆ 10 ಅಡಿ ಉದ್ದ, 5 ಅಡಿ ಅಗಲ ಇದ್ದು ಮಾಲು ಸಮನಾಗಿ 2 ಅಡಿ ತುಂಬಿದ್ದರೆ ಒಂದು ಬ್ರಾಸ್ ಆಯ್ತು. ನಡುವೆ ಗುಡ್ಡೆ ಮಾಡಿ ಅಂಚಿನಲ್ಲಿ ಖಾಲಿ ಬಿಟ್ಟಿದ್ದರೆ ಮಟ್ಟ ಮಾಡಿಸಿ ಅಳೆಯಿರಿ. ಸಳಿಗೂ (ಕಬ್ಬಿಣದ ರಾಡ್) ಒಂದು ಲೆಕ್ಕ ಇದೆ: ಮಿಲಿಮೀಟರ್ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತೆ. 12 ಎಂಎಂ ಸಳಿ 12 ಮೀಟರ್ ಉದ್ದ ಇದ್ದರೆ ಹೆಚ್ಚುಕಡಿಮೆ 10.7 ಕೆಜಿ ತೂಗಬೇಕು. ಸ್ವಲ್ಪ ಆಚೀಚೆ ಆಗುತ್ತೆ, 9 ಕೆಜಿ ಬಂದರೆ ಲಾರಿ ವಾಪಸ್ ಕಳಿಸಿ.

ಸ್ಲ್ಯಾಬ್ ದಿನ ಎಲ್ಲರಿಗೂ ಊಟ ಹಾಕಿ, ಸಿಹಿ ಮಾಡಿಸಿ. ಅದು ನಮ್ಮ ಪದ್ಧತಿ, ಅದನ್ನು ಕೂಲಿ ಲೆಕ್ಕಕ್ಕೆ ಸೇರಿಸಬೇಡಿ. ಆದರೆ ಅವತ್ತು ಸಂಜೆಯೇ ಸ್ಲ್ಯಾಬಿನ ಕಂತು ಪೂರ್ತಿ ಕೊಡಬೇಡಿ. ಅವತ್ತಿನ ಆಳುಗಳ ಕೂಲಿ ಮುಟ್ಟುವಷ್ಟು ಕೊಟ್ಟು, ಉಳಿದದ್ದು ಸೆಂಟ್ರಿಂಗ್ ಬಿಚ್ಚಿದ ಮೇಲೆ. ಕೆಳಗೆ ನಿಂತು ಟಾರ್ಚ್ ಹಾಕಿ ನೋಡಿ, ಖಡಿ ಗೂಡುಗೂಡಾಗಿ ಎದ್ದಿದೆಯಾ, ಸಳಿ ಎಲ್ಲಾದರೂ ಹೊರಗೆ ಕಾಣುತ್ತಾ ಅಂತ. ಕಂಡರೆ ತೇಪೆ ಹಚ್ಚೋಕೆ ಬಿಡಬೇಡಿ, ಮೊದಲು ಇಂಜಿನಿಯರ್ ಬಂದು ನೋಡಲಿ. ಕೋಣೆ ಹದಿನೈದು ಅಡಿಗಿಂತ ಅಗಲ ಇದ್ದರೆ ಆಸರೆ 14 ದಿನಕ್ಕಿಂತ ಮೊದಲು ತೆಗೆಯಬಾರದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತೆ, ಸುಮ್ನೆ ಪೈಪ್ ಹಿಡಿದು ನೀರು ಚಿಮುಕಿಸಿದರೆ ಗಂಟೆಯಲ್ಲಿ ಆರಿಹೋಗುತ್ತೆ. ಸ್ಲ್ಯಾಬ್ ಮೇಲೆ ಮಡಿ (ನೀರು ನಿಲ್ಲೋಕೆ ಸಣ್ಣ ಬದು) ಕಟ್ಟಿಸಿ, ಕನಿಷ್ಠ ಹತ್ತು ದಿನ ನೀರು ನಿಲ್ಲಿಸಿ.

ಇಲೆಕ್ಟ್ರಿಷಿಯನ್, ಪ್ಲಂಬರ್ ವಿಷಯ ಚಿಕ್ಕದು. ಪಾಯಿಂಟ್ ಲೆಕ್ಕವಾ, ಒಟ್ಟು ಗುತ್ತಿಗೆಯಾ ಮೊದಲೇ ಮಾತಾಡಿ. ಸಾಮಾನಿನ ಯಾದಿ (ಪಟ್ಟಿ) ಅವರು ಬರೆದುಕೊಡಲಿ, ಅಂಗಡಿಗೆ ನೀವು ಹೋಗಿ. ಗಿಲಾವು ಮಾಡುವ ಮೊದಲು ಪ್ಲಂಬರ್ ಕಡೆಯಿಂದ ಪೈಪಿನಲ್ಲಿ ನೀರು ತುಂಬಿಸಿ ಒತ್ತಡ ಹಾಕಿಸಿ ಸೋರಿಕೆ ನೋಡಿ, ಪ್ರತಿ ಗೋಡೆಯ ಫೋಟೋ ಟೇಪ್ ಹಿಡಿದು ತೆಗೆಯಿರಿ. ಫೋಟೋ ತೆಗೆದ ಮೇಲೆಯೇ ಅವರ ಕಂತು.

ನಡುವೆ ಏನಾದರೂ ಹೆಚ್ಚಿನ ಕೆಲಸ ಬಂದರೆ, ಅಟ್ಟ ಆಗಲಿ ದೇವರ ಕಟ್ಟೆ ಆಗಲಿ, ಶುರು ಮಾಡುವ ಮೊದಲೇ ರೇಟ್ ವಹಿಯಲ್ಲಿ ಬರೆಯಿರಿ.

ಇಷ್ಟೆಲ್ಲ ಮಾಡಿಯೂ ಕೆಲಸ ಅರ್ಧಕ್ಕೆ ಬಿಟ್ಟು ಹೋದರೆ ಸಿಟ್ಟಿನಲ್ಲಿ ಹೊಸಬರನ್ನು ಕರೆದು ಕೆಲಸ ಶುರು ಮಾಡಿಸಬೇಡಿ. ಬೇರೆ ಇಂಜಿನಿಯರ್ ಕಡೆಯಿಂದ ಆಗಿರುವ ಕೆಲಸ ಅಳತೆ ಮಾಡಿಸಿ ಬರೆಸಿಕೊಳ್ಳಿ, ಫೋಟೋ ತೆಗೆಯಿರಿ, ಗುತ್ತಿಗೆದಾರನಿಗೆ ರಿಜಿಸ್ಟರ್ ಮಾಡಿಸಿದ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಮನೆ ಕಟ್ಟಿಕೊಡುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವೆ. ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಗಳಲ್ಲಿ ಗ್ರಾಹಕರ ಆಯೋಗ ಇದೆ, ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಿಚಾರಿಸೋಕೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಯೋಗದಲ್ಲಿ ಮೊದಲು ಕೇಳೋದು ಬಾಂಡ್, ದುಡ್ಡು ಕೊಟ್ಟ ದಾಖಲೆ, ಸಹಿ ಇರುವ ವಹಿ.