ಉದ್ದದ ಎದುರಾಳಿಯ ಮುಂದೆ ಗಿಡ್ಡ ಹೆವಿವೇಟ್: ನಾನು ಆಡುವ ರೀತಿ

ನಾನು ಹೆವಿವೇಟ್ ಬಾಕ್ಸರ್. ಎತ್ತರ 5 ಅಡಿ 11 ಇಂಚು. ರಸ್ತೆಯಲ್ಲಿ ನಡೆಯುವಾಗ ಯಾರೂ ನನ್ನನ್ನು ಗಿಡ್ಡ ಅನ್ನುವುದಿಲ್ಲ, ಆದರೆ ಈ ತೂಕದಲ್ಲಿ ರಿಂಗ್ ಹತ್ತಿದರೆ ನಾನೇ ಗಿಡ್ಡ. ಎದುರಿಗೆ ಬರುವವರು 6 ಅಡಿ 3 ಇಂಚು, 6 ಅಡಿ 5 ಇಂಚು ಇರುತ್ತಾರೆ. ಬೇರೆ ತೂಕಗಳಲ್ಲಿ ಮೇಲೊಂದು ಮಿತಿ ಇದೆ, ಹಾಗಾಗಿ ತುಂಬಾ ಉದ್ದ ಇರುವವನು ಸಾಮಾನ್ಯವಾಗಿ ಸಣ್ಣಗಿರುತ್ತಾನೆ. ನಮ್ಮಲ್ಲಿ (ಅಮೆಚೂರ್, ಅಂದರೆ ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಇದಕ್ಕೆ ಸೂಪರ್ ಹೆವಿವೇಟ್ ಅನ್ನುತ್ತಾರೆ) ಆ ಮಿತಿಯೇ ಇಲ್ಲ. ಅವನು ಉದ್ದವೂ ಇರುತ್ತಾನೆ, ನನಗಿಂತ ಭಾರವೂ ಇರುತ್ತಾನೆ.

ಇಂಥವರ ಮೇಲೆ ಹೇಗೆ ಆಡೋದು ಅಂತ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ, ಒಳಗೆ ನುಗ್ಗು. ಸರಿ, ಆದರೆ ಯಾವಾಗ ನುಗ್ಗಬೇಕು, ನುಗ್ಗಿದ ಮೇಲೆ ಅಲ್ಲಿ ಹೇಗೆ ಉಳಿಯಬೇಕು ಅನ್ನೋದೇ ಪೂರ್ತಿ ಆಟ ಅಲ್ವಾ. ಗಿಡ್ಡ ಹೆವಿವೇಟ್‌ಗಳು ಹೆಚ್ಚಾಗಿ ಸೋಲುವುದು ಒಳಗೆ ಹೋದ ನಂತರದ ಎರಡು ಸೆಕೆಂಡಿನಲ್ಲಿ.

ಮೊದಲು ದೂರದ ವಿಷಯ. ನಾನು ಎರಡೇ ಜಾಗದಲ್ಲಿ ಇರುತ್ತೇನೆ. ಒಂದೋ ಅವನ ಕೈ ಪೂರ್ತಿ ಚಾಚಿದರೂ ತಾಗದಷ್ಟು ದೂರ, ಇಲ್ಲವೇ ನನ್ನ ಹಣೆ ಅವನ ಎದೆಗೆ ತಾಗುವಷ್ಟು ಹತ್ತಿರ. ಈ ಎರಡರ ನಡುವಿನ ಜಾಗ ಅವನದು. ಅಲ್ಲಿ ಅವನ ಪಂಚ್ ನನಗೆ ತಾಗುತ್ತದೆ, ನನ್ನದು ಅವನಿಗೆ ಒಂದು ಗೇಣು ಕಡಿಮೆ ಬೀಳುತ್ತದೆ. ಆ ಜಾಗವನ್ನು ದಾಟಬೇಕು, ಅಲ್ಲಿ ನಿಂತು ಯೋಚಿಸಬಾರದು.

ದಾಟುವುದಕ್ಕೆ ಸರಿಯಾದ ಹೊತ್ತು ಅವನು ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹೊಡೆದು ಕೈ ವಾಪಸ್ ಎಳೆದುಕೊಳ್ಳುವಾಗ. ಆ ಕೈಯ ಹಿಂದೆಯೇ ಹೋಗಬೇಕು. ಅವನು ತಾನಾಗಿ ಜ್ಯಾಬ್ ಹಾಕಲಿ ಅಂತ ಕಾಯುತ್ತಾ ಕೂತರೆ ರೌಂಡ್ ಮುಗಿದುಹೋಗುತ್ತದೆ. ಹಾಗಾಗಿ ಭುಜ ಅಲ್ಲಾಡಿಸುತ್ತೇನೆ, ಅರ್ಧ ಹೆಜ್ಜೆ ಹಾಕಿ ನಿಲ್ಲಿಸುತ್ತೇನೆ, ಅವನೇ ಕೈ ಬಿಡುವ ಹಾಗೆ ಮಾಡುತ್ತೇನೆ. ಕೈ ಬಂತು ಅಂದರೆ ತಲೆಯನ್ನು ನನ್ನ ಬಲಕ್ಕೆ, ಅಂದರೆ ಅವನ ಎಡಗೈಯ ಹೊರಗೆ ಜಾರಿಸುತ್ತೇನೆ. ಅಲ್ಲಿಗೆ ಅವನ ಬಲಗೈ ಬರಲು ದೂರ ಜಾಸ್ತಿ. ಜಾರುವಾಗ ನನ್ನ ಭಾರ ಬಲಗಾಲಿಗೆ ಬಂದಿರುತ್ತದೆ, ಅದರಿಂದ ಬಲಗೈ ಹೊಟ್ಟೆಗೆ, ಆಮೇಲೆ ಎಡ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಬೀಸುವ ಪಂಚ್) ಪಕ್ಕೆಗೆ. ಎಡ ಹುಕ್ ಸರಿಯಾಗಿ ಬಿದ್ದರೆ ನೇರ ಲಿವರ್ ಮೇಲೆ, ಎಂಥ ಆರು ಅಡಿ ಆರು ಇಂಚಿನವನೂ ಆ ಏಟಿಗೆ ಮಡಚಿಕೊಳ್ಳುತ್ತಾನೆ.

ಗಿಡ್ಡವನಿಗೆ ಜ್ಯಾಬ್ ಯಾಕೆ ಅಂತ ಕೆಲವರು ಕೇಳುತ್ತಾರೆ. ನಾನು ಜಾಸ್ತಿ ಹೊಡೆಯುವ ಪಂಚ್ ಅದೇ. ಮುಖಕ್ಕಲ್ಲ, ಎದೆಗೆ. ಅವನ ಎದೆ ನನ್ನ ಭುಜದ ನೇರಕ್ಕೇ ಇರುತ್ತದೆ, ಹಾಗಾಗಿ ನನ್ನ ಪೂರ್ತಿ ರೀಚ್ (ಕೈ ಚಾಚುವ ಉದ್ದ) ಸಿಗುತ್ತದೆ. ಮೇಲಕ್ಕೆ ಗುರಿ ಇಟ್ಟರೆ ಕೈ ಏರಿ ಹೋಗಬೇಕು, ಉದ್ದ ಕಡಿಮೆಯಾಗುತ್ತದೆ, ಭುಜ ಬೇಗ ಸೋಲುತ್ತದೆ, ನನ್ನ ಗಲ್ಲವೂ ತೆರೆದುಕೊಳ್ಳುತ್ತದೆ. ಎದೆಗೆ ನಾಲ್ಕು ಬಾರಿ ಬಿದ್ದ ಮೇಲೆ ಅವನ ಮೊಣಕೈ ಕೆಳಗಿಳಿಯುತ್ತದೆ, ತಲೆಗೆ ದಾರಿ ಆಗ ಸಿಗುತ್ತದೆ.

ಬಗ್ಗುವುದು ಮಂಡಿಯಿಂದ, ಸೊಂಟದಿಂದ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಸೊಂಟದಿಂದ ಬಾಗಿದರೆ ಕಣ್ಣು ನೆಲ ನೋಡುತ್ತದೆ, ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಹೊಡೆಯುವ ಪಂಚ್) ಬರುವುದು ಕಾಣುವುದೇ ಇಲ್ಲ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಎದುರು, ನನ್ನ ಹಾಗೆಯೇ ಗಿಡ್ಡ ಹೆವಿವೇಟ್ ಆಗಿದ್ದ ಜೋ ಫ್ರೇಜಿಯರ್ ಎರಡು ರೌಂಡಿನೊಳಗೆ 6 ಬಾರಿ ನೆಲಕ್ಕೆ ಬಿದ್ದ ಪಂದ್ಯವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಫ್ರೇಜಿಯರ್ ತನ್ನ ಅಭ್ಯಾಸದಂತೆ ನೇರಕ್ಕೆ ಒಳಗೆ ಬರುತ್ತಾನೆ, ಫೋರ್‌ಮನ್ ಎರಡೂ ಕೈಯಿಂದ ಭುಜ ತಳ್ಳಿ ತನಗೆ ಬೇಕಾದ ದೂರದಲ್ಲಿ ನಿಲ್ಲಿಸಿಕೊಂಡು ಅಪ್ಪರ್‌ಕಟ್ ಹಾಕುತ್ತಾನೆ. ಅದಕ್ಕೆ ಎರಡು ವರ್ಷ ಮೊದಲು ಇದೇ ಫ್ರೇಜಿಯರ್, ಇದೇ ರೀತಿ ಒಳಗೆ ಬಂದು, 15ನೇ ರೌಂಡಿನ ಎಡ ಹುಕ್‌ನಿಂದ ಮೊಹಮ್ಮದ್ ಅಲಿಯನ್ನು ಕೆಡವಿದ್ದ. ಎತ್ತರದಲ್ಲಿ ಅಲಿ, ಫೋರ್‌ಮನ್ ಇಬ್ಬರೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಅಂದರೆ ಫೋರ್‌ಮನ್‌ಗೆ ತಳ್ಳುವ ಬಲ ಇತ್ತು, ಅದನ್ನು ಬಳಸಿದ. ಹಾಗಾಗಿ ಎದುರಾಳಿ ಎಷ್ಟು ಇಂಚು ಅನ್ನುವುದಕ್ಕಿಂತ ಆ ಇಂಚುಗಳನ್ನು ಬಳಸುವುದು ಅವನಿಗೆ ಗೊತ್ತಾ ಅಂತ ನಾನು ಮೊದಲ ನಿಮಿಷದಲ್ಲಿ ನೋಡುತ್ತೇನೆ. ಕೆಲವು ಉದ್ದದವರು ತಾವೇ ಬಗ್ಗಿ ನನ್ನ ಮಟ್ಟಕ್ಕೆ ಬರುತ್ತಾರೆ. ಅವರ ಮೇಲೆ ಆಡುವುದು ಸುಲಭ.

ಈಗ ಕ್ಲಿಂಚ್, ಅಂದರೆ ಎದುರಾಳಿ ಅಪ್ಪಿ ಹಿಡಿದುಕೊಳ್ಳುವುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಅವನು ಕೈ ಸುತ್ತಿ ನನ್ನ ಕತ್ತಿನ ಮೇಲೆ ಒರಗಿದರೆ ಮೂಟೆ ಹೊತ್ತುಕೊಂಡು ನಿಂತ ಹಾಗೆ, ಒಂದು ಪಂಚ್ ತಿನ್ನದೇ ಇದ್ದರೂ ರೌಂಡಿನ ಕೊನೆಗೆ ಕಾಲು ನಡುಗುತ್ತದೆ. ಮೈಕ್ ಟೈಸನ್‌ನಂಥವನನ್ನೇ ನೋಡಿ. ಎತ್ತರ 5 ಅಡಿ 10 ಇಂಚು, 1986ರಲ್ಲಿ 20ನೇ ವಯಸ್ಸಿಗೇ ವಿಶ್ವ ಚಾಂಪಿಯನ್. ಮರುವರ್ಷ ಬೋನ್‌ಕ್ರಷರ್ ಸ್ಮಿತ್ ಹಿಡಿದುಕೊಂಡೇ 12 ರೌಂಡ್ ಕಳೆದುಬಿಟ್ಟ, ಟೈಸನ್ ಗೆದ್ದಿದ್ದು ಪಾಯಿಂಟ್ಸ್ ಮೇಲೆ. 2002ರಲ್ಲಿ 6 ಅಡಿ 5 ಇಂಚಿನ ಲೆನಾಕ್ಸ್ ಲೂಯಿಸ್ ಜ್ಯಾಬ್ ಹಾಕಿ, ಹಿಡಿದು, ಮೇಲೆ ಒರಗಿ, ಅಪ್ಪರ್‌ಕಟ್ ಹೊಡೆದು, ವಯಸ್ಸಾಗಿದ್ದ ಟೈಸನ್‌ನನ್ನು 8ನೇ ರೌಂಡಿನಲ್ಲಿ ನಾಕೌಟ್ ಮಾಡಿದ.

ನಾನು ಮಾಡುವುದು ಇಷ್ಟು. ಹಣೆಯನ್ನು ಅವನ ಕಾಲರ್ ಮೂಳೆಯ ಕೆಳಗೆ ಇಡುತ್ತೇನೆ, ತಲೆ ಅವನ ಕಂಕುಳಿಗೆ ಹೋಗದಂತೆ ನೋಡಿಕೊಳ್ಳುತ್ತೇನೆ. ನನ್ನ ಎರಡೂ ಕೈ ಅವನ ಮೊಣಕೈಗಳ ಒಳಭಾಗದಲ್ಲಿರಬೇಕು, ಆಗ ಅವನಿಗೆ ಕೈ ಸುತ್ತಲು ಆಗುವುದಿಲ್ಲ. ಭಾರ ಹಾಕಲು ಶುರು ಮಾಡಿದ ತಕ್ಷಣ ಪಕ್ಕಕ್ಕೆ ಒಂದು ಸಣ್ಣ ಹೆಜ್ಜೆ. ಅವನ ಭಾರಕ್ಕೆ ಕೆಳಗೆ ಆಧಾರ ತಪ್ಪುತ್ತದೆ, ಅವನು ಮುಗ್ಗರಿಸುತ್ತಾನೆ. ಒಂದು ಕೈ ಬಿಡುವಾಗಿದ್ದರೂ ರೆಫರಿ ಬಿಡಿಸುವ ತನಕ ಹೊಟ್ಟೆಗೆ ಹೊಡೆಯುತ್ತಲೇ ಇರುತ್ತೇನೆ. ಸುಮ್ನೆ ಕಾಯುವುದಿಲ್ಲ.

ಇದಕ್ಕೆಲ್ಲ ಕಾಲು ಬೇಕು. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಉಕ್ರೇನ್‌ನ ಒಲೆಕ್ಸಾಂಡರ್ ಉಸಿಕ್ 6 ಅಡಿ 9 ಇಂಚಿನ ಟೈಸನ್ ಫ್ಯೂರಿಯನ್ನು ಸೋಲಿಸಿದಾಗ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಉಸಿಕ್‌ನ 6 ಅಡಿ 3 ಇಂಚು ಕಡಿಮೆಯೇನಲ್ಲ, ಆದರೂ ಅರ್ಧ ಅಡಿ ವ್ಯತ್ಯಾಸ. ಅವನ ಕಾಲು ನಿಲ್ಲುವುದೇ ಇಲ್ಲ. ಸಣ್ಣ ಸಣ್ಣ ಹೆಜ್ಜೆಯಲ್ಲಿ ಒತ್ತುತ್ತಾ ಹೊಟ್ಟೆಗೂ ತಲೆಗೂ ಹೊಡೆದು, 9ನೇ ರೌಂಡಿಗೆ ಫ್ಯೂರಿ ಹಗ್ಗಕ್ಕೆ ಆತು ರೆಫರಿಯ ಎಣಿಕೆ ತೆಗೆದುಕೊಳ್ಳುವ ಹಾಗೆ ಮಾಡಿದ. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಗೆದ್ದ. ಇನ್ನೊಂದು ಕಡೆ ಆಂಡಿ ರೂಯಿಸ್. 2019ರ ಜೂನ್‌ನಲ್ಲಿ ತನಗಿಂತ ಉದ್ದದ ಆಂಥೋನಿ ಜೋಶುವಾನ ಜೊತೆ ಹತ್ತಿರದಲ್ಲಿ ಕೈ ಮಿಲಾಯಿಸಿ ಗೆದ್ದವನು, ಡಿಸೆಂಬರ್‌ನಲ್ಲಿ ಇನ್ನೂ ತೂಕ ಹೆಚ್ಚಿಸಿಕೊಂಡು ಬಂದ. ಜೋಶುವಾ ಜ್ಯಾಬ್ ಹಾಕಿ ಹಿಂದೆ ಸರಿಯುತ್ತಲೇ ಇದ್ದ, ರೂಯಿಸ್‌ಗೆ ಅವನನ್ನು ಹಿಡಿಯಲಾಗಲಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ. ಗಿಡ್ಡ ಹೆವಿವೇಟ್ ಉದ್ದದವನ ತೂಕಕ್ಕೆ ಸಮ ಆಗಲು ತಿಂದು ದಪ್ಪ ಆಗಬಾರದು. ನಮಗಿರುವ ಬಂಡವಾಳ ಕಾಲಿನ ವೇಗ, ಅದನ್ನೇ ಕಳೆದುಕೊಂಡರೆ ಉಳಿಯುವುದೇನು?

ಅಭ್ಯಾಸಕ್ಕೆ ಉದ್ದದ ಜೊತೆಗಾರ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಭುಜದ ಎತ್ತರಕ್ಕೆ ಒಂದು ಹಗ್ಗ ಕಟ್ಟಿ, ಅದರ ಕೆಳಗೆ ತಲೆ ಆಚೆ ಈಚೆ ಮಾಡುತ್ತಾ, ಮಂಡಿ ಬಗ್ಗಿಸಿ ಮುಂದೆ ಹೋಗಿ, ಹಿಂದೆ ಬನ್ನಿ. ಬೇಸರದ ಕೆಲಸ, ತೊಡೆ ಉರಿಯುತ್ತದೆ, ಆದರೆ ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಕತ್ತಿನ ವ್ಯಾಯಾಮವನ್ನೂ ಬಿಡಬಾರದು, ಕ್ಲಿಂಚ್‌ನಲ್ಲಿ ಆ ಭಾರ ತಡೆಯುವುದು ಅದೇ.

ಅಮೆಚೂರ್‌ನಲ್ಲಿ 3 ನಿಮಿಷದ 3 ರೌಂಡ್ ಮಾತ್ರ. ಹೊಟ್ಟೆಗೆ ಹೊಡೆದ ಏಟು ಕೆಲಸ ಮಾಡಲು ಸಮಯ ಬೇಕು, ಅದಕ್ಕೆ ಮೊದಲ ರೌಂಡಿನ ಬೆಲ್ ಹೊಡೆದ ತಕ್ಷಣವೇ ಶುರು ಮಾಡುತ್ತೇನೆ. ಹೊಟ್ಟೆಗೆ ಎರಡು ಹೊಡೆದ ಮೇಲೆ ತಲೆಗೆ ಒಂದು ಸ್ಪಷ್ಟವಾದ ಪಂಚ್ ಇಟ್ಟೇ ಹೊರಗೆ ಬರುತ್ತೇನೆ, ಜಡ್ಜ್‌ಗಳಿಗೆ ಚೆನ್ನಾಗಿ ಕಾಣುವುದು ಅದು. ಹೊರಗೆ ಬರುವುದು ಯಾವತ್ತೂ ಪಕ್ಕಕ್ಕೆ, ಕೈ ಮೇಲಿಟ್ಟುಕೊಂಡು. ನೇರ ಹಿಂದೆ ಬಂದರೆ ಅವನ ಉದ್ದ ಬಲಗೈ ಬೆನ್ನಟ್ಟಿ ಬರುತ್ತದೆ. ಎದುರಾಳಿ ಸೌತ್‌ಪಾ (ಬಲಗೈ, ಬಲಗಾಲು ಮುಂದಿಟ್ಟು ಆಡುವವನು) ಆದರೆ ನನ್ನ ಎಡಗಾಲು ಅವನ ಬಲಗಾಲಿನ ಹೊರಗೆ ಇರಬೇಕು, ಜ್ಯಾಬ್ ಬದಲು ನೇರ ಬಲಗೈಯೇ ಹೊಟ್ಟೆಗೆ. ಸದ್ಯ ನಾನು ಜಾಸ್ತಿ ಸಮಯ ಕೊಡುತ್ತಿರುವುದು ಈ ಕಾಲಿನ ಜಾಗಕ್ಕೇ, ಉದ್ದದ ಸೌತ್‌ಪಾಗಳು ಇನ್ನೂ ನನಗೆ ತೊಂದರೆ ಕೊಡುತ್ತಾರೆ.