ಟಂಕಸಾಲೆಯ ತಪ್ಪೋ, ಹೊರಗೆ ಬಿದ್ದ ಪೆಟ್ಟೋ? ನಾಣ್ಯ ಪರೀಕ್ಷಿಸುವ ಬಗೆ

ವಿಚಿತ್ರವಾಗಿ ಕಾಣುವ ನಾಣ್ಯವೊಂದು ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಅದನ್ನು ಉಜ್ಜಿ ತೊಳೆಯುತ್ತಾರೆ. ಅಲ್ಲಿಗೆ ಅರ್ಧ ಸಾಕ್ಷ್ಯ ನೀರುಪಾಲಾಗಿರುತ್ತದೆ. ಪಾಲಿಶ್ ಪುಡಿ, ಹುಣಸೆಹಣ್ಣು, ಹಲ್ಲುಜ್ಜುವ ಪೇಸ್ಟ್, ಯಾವುದನ್ನೂ ನಾಣ್ಯದ ಹತ್ತಿರ ತರಬೇಡಿ.

ಪರೀಕ್ಷೆಗೆ ಮೊದಲು ನಾಣ್ಯ ಹುಟ್ಟುವ ಕ್ರಮವನ್ನು ನೆನಪಿಟ್ಟುಕೊಳ್ಳಬೇಕು. ಲೋಹದ ಹಾಳೆಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಸುತ್ತಲೂ ಒತ್ತಿ ಎಬ್ಬಿಸಿ, ಬಳಿಕ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂರಿಸಿ ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ನಿಜವಾದ ದೋಷವು ಈ ದಾರಿಯಲ್ಲೇ ಎಲ್ಲೋ ಸಂಭವಿಸಿರಬೇಕು. ಆದ್ದರಿಂದ ‘ಇದು ಎಷ್ಟು ವಿಚಿತ್ರವಾಗಿದೆ’ ಎಂದು ಬೆರಗಾಗುವ ಬದಲು ‘ಇದು ಯಾವ ಹಂತದಲ್ಲಿ ಆಗಿರಲು ಸಾಧ್ಯ’ ಎಂದು ಕೇಳಿಕೊಳ್ಳಿ.

ಬೇಕಾದ ಸಲಕರಣೆ ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಳ್ಳೆಯ ಮಸೂರ, 0.01 ಗ್ರಾಂವರೆಗೆ ತೂಗುವ ತಕ್ಕಡಿ, ಒಂದು ಅಯಸ್ಕಾಂತ, ಓರೆಯಾಗಿ ಬೆಳಕು ಬೀರುವ ದೀಪ ಮತ್ತು ಹೋಲಿಕೆಗೆ ಅದೇ ಬಗೆಯ ಸಾಧಾರಣ ನಾಣ್ಯ. ಅರವತ್ತು ಪಟ್ಟು ಎಂದು ಬರೆದುಕೊಂಡು ಬರುವ ಅಗ್ಗದ ಮಸೂರಗಳು ಅಂಚನ್ನೆಲ್ಲ ಮಂಜುಮಾಡಿ ಇಲ್ಲದ ಜೋಡಿ ಅಕ್ಷರಗಳನ್ನು ತೋರಿಸುತ್ತವೆ, ಅವನ್ನು ಕೊಳ್ಳಬೇಡಿ.

ಮೊದಲು ತೂಗಿ, ಅಯಸ್ಕಾಂತ ಹಿಡಿಯಿರಿ. 1943ರಲ್ಲಿ ಅಮೆರಿಕದ ಒಂದು ಸೆಂಟ್ ನಾಣ್ಯಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ತಯಾರಿಸಲಾಯಿತು; ಕೆಲವೇ ನಾಣ್ಯಗಳು ತಪ್ಪಿ ತಾಮ್ರಮಿಶ್ರಿತ ಬಿಲ್ಲೆಗಳ ಮೇಲೆ ಮೂಡಿದವು. ಉಕ್ಕಿನ ನಾಣ್ಯಕ್ಕೆ ತಾಮ್ರ ಲೇಪಿಸಿ ಮಾರುವವರ ಮೋಸವನ್ನು ಅಯಸ್ಕಾಂತ ಕ್ಷಣದಲ್ಲಿ ಬಯಲಿಗೆಳೆಯುತ್ತದೆ. ಆದರೆ 1948ರ ತಾಮ್ರದ ಸೆಂಟಿನ 8ನ್ನು ಕೆರೆದು 3 ಮಾಡಿದ್ದರೆ ಅಯಸ್ಕಾಂತವೂ ತಕ್ಕಡಿಯೂ ಸುಮ್ಮನಿರುತ್ತವೆ. ಅಲ್ಲಿ ಅಂಕಿಯ ಆಕಾರವನ್ನೇ ನೋಡಬೇಕು.

ಎರಡನೆಯದು ಉಬ್ಬು ತಗ್ಗುಗಳ ಪರೀಕ್ಷೆ. ಅಚ್ಚು ಬಿರಿದರೆ ಲೋಹ ಆ ಬಿರುಕಿನೊಳಗೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ, ಗೀರು ಮಾತ್ರ ತಗ್ಗಾಗಿಯೇ ಇರುತ್ತದೆ.

ಮೂರನೆಯ ಹೆಜ್ಜೆ ಅಂಚು. ಅರ್ಧಚಂದ್ರಾಕಾರದಲ್ಲಿ ತುಂಡಾದ ನಾಣ್ಯವನ್ನು ತಂದು ‘ಟಂಕಸಾಲೆಯ ತಪ್ಪು’ ಎನ್ನುವವರಲ್ಲಿ ಎಷ್ಟೋ ಮಂದಿ ಕತ್ತರಿಸಿದ ಜಾಗವನ್ನಷ್ಟೇ ದಿಟ್ಟಿಸುತ್ತಾರೆ. ನೋಡಬೇಕಾದ್ದು ಅದರ ನೇರ ಎದುರಿನ ಅಂಚನ್ನು. ಬಿಲ್ಲೆಯೇ ತುಂಡಾಗಿ ಬಂದಿದ್ದರೆ, ಅಂಚು ಎಬ್ಬಿಸುವ ಯಂತ್ರಕ್ಕೆ ಆ ಖಾಲಿ ಜಾಗದಲ್ಲಿ ಆನಿಕೆ ಸಿಗದೆ ಎದುರಿನ ಭಾಗದಲ್ಲೂ ಒತ್ತಡ ಬೀಳುವುದಿಲ್ಲ. ಹಾಗಾಗಿ ಅಲ್ಲಿನ ಅಂಚು ಮಸುಕಾಗಿರುತ್ತದೆ ಅಥವಾ ಕಾಣಿಸುವುದೇ ಇಲ್ಲ. ಇದಕ್ಕೆ ಬ್ಲೇಕ್ಸ್ಲಿ ಪರಿಣಾಮ ಎಂಬ ಹೆಸರಿದೆ. ಇದು ಪ್ರತಿ ನಾಣ್ಯದಲ್ಲೂ ಕಾಣಿಸಲೇಬೇಕೆಂದಿಲ್ಲ, ಆದ್ದರಿಂದ ಎರಡನೆಯ ಸಾಕ್ಷಿಯನ್ನೂ ಕೇಳಿ: ತುಂಡಾದ ಬಿಲ್ಲೆಯ ಮೇಲೆ ಅಚ್ಚು ಬಿದ್ದಾಗ ಲೋಹ ಖಾಲಿ ಜಾಗದತ್ತ ಹರಿಯುವುದರಿಂದ ಅಕ್ಷರಗಳು ಅತ್ತ ಎಳೆದಂತಾಗಿ, ತೆಳುವಾಗಿ, ಮಸುಕಾಗಿ ಮುಗಿಯುತ್ತವೆ. ಅರದಿಂದಲೋ ಕತ್ತರಿಯಿಂದಲೋ ತೆಗೆದಿದ್ದರೆ ಅಕ್ಷರಗಳು ಕೊನೆಯವರೆಗೂ ಸ್ಫುಟವಾಗಿದ್ದು ಥಟ್ಟನೆ ತುಂಡಾಗಿರುತ್ತವೆ, ಕತ್ತರಿಸಿದ ಮೈಯಲ್ಲಿ ಅರದ ಗೀರುಗಳೂ ಸಿಗುತ್ತವೆ.

ನಾಲ್ಕನೆಯದು ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ: ಜೋಡಿಯಾಗಿ ಕಾಣುವ ಅಕ್ಷರಗಳು. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಅದರಲ್ಲಿ ಎರಡು ಸಲ, ಕೊಂಚ ಸರಿದು ಮೂಡಿದ್ದರೆ, ನಾಣ್ಯದ ಅಕ್ಷರ ಒಟ್ಟಾರೆ ಅಗಲವಾಗುತ್ತದೆ, ಎರಡೂ ರೂಪಗಳು ದುಂಡಾಗಿ ಉಬ್ಬಿರುತ್ತವೆ, ಅಕ್ಷರದ ಮೂಲೆಗಳಲ್ಲಿ ಸಣ್ಣ ಸೀಳು ಕಾಣುತ್ತದೆ. 1955ರ ಅಮೆರಿಕದ ಸೆಂಟ್‌ಗಳಲ್ಲಿ ಕೆಲವು ಹೀಗೆ ಬರಿಗಣ್ಣಿಗೇ ಕಾಣುವಂತೆ ಜೋಡಿಯಾಗಿವೆ. ಇದಕ್ಕೆ ಬದಲಾಗಿ, ಸಡಿಲವಾದ ಅಚ್ಚು ಒತ್ತಿದ ಗಳಿಗೆಯಲ್ಲಿ ಜರುಗಿದರೆ ಅದು ಆಗಲೇ ಮೂಡಿದ್ದ ಅಕ್ಷರದ ಪಕ್ಕವನ್ನು ಸವರಿ ಚಪ್ಪಟೆ ಮೆಟ್ಟಿಲೊಂದನ್ನು ಉಳಿಸುತ್ತದೆ. ಇಲ್ಲಿ ಅಕ್ಷರದ ಉಬ್ಬಿದ ಭಾಗ ಮೊದಲಿಗಿಂತ ಸಣಕಲಾಗುತ್ತದೆ. ಇದೂ ಟಂಕಸಾಲೆಯಲ್ಲೇ ಆದದ್ದು ನಿಜ, ಆದರೆ ಸಂಗ್ರಾಹಕರು ಇದಕ್ಕೆ ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. ಎರಡನ್ನು ಬಿಡಿಸಿ ನೋಡಲು ದೀಪವನ್ನು ಓರೆಯಾಗಿಟ್ಟು ನಾಣ್ಯವನ್ನು ನಿಧಾನವಾಗಿ ಸುತ್ತಲೂ ತಿರುಗಿಸಿ: ಚಪ್ಪಟೆ ಮೆಟ್ಟಿಲು ಒಂದು ಕೋನದಲ್ಲಿ ಮಿಂಚಿ ಮರುಗಳಿಗೆ ಮಾಯವಾಗುತ್ತದೆ, ದುಂಡಾದ ಎರಡನೆಯ ರೂಪ ಯಾವ ಬೆಳಕಿನಲ್ಲೂ ತನ್ನ ಆಕಾರ ಬಿಟ್ಟುಕೊಡುವುದಿಲ್ಲ. ಫೋನಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ತೀರ್ಮಾನಿಸುವ ಅಡ್ಡದಾರಿ ಇಲ್ಲಿ ಖಂಡಿತ ಕೈಕೊಡುತ್ತದೆ, ಏಕೆಂದರೆ ಚಿತ್ರದಲ್ಲಿ ಬೆಳಕು ಒಂದೇ ಕಡೆಯಿಂದ ಬಿದ್ದಿರುತ್ತದೆ.

ಉಳಿದ ಹಾನಿಗಳನ್ನು ಗುರುತಿಸುವುದು ಸುಲಭ. ಎರಡು ನಾಣ್ಯಗಳನ್ನು ಸೇರಿಸಿ ವೈಸ್ ಎಂಬ, ತಿರುಪು ತಿರುಗಿಸಿ ಬಿಗಿಹಿಡಿಯುವ ಸಲಕರಣೆಯಲ್ಲಿ ಬಿಗಿದರೆ ಮೂಲ ಚಿತ್ರದ ಮೇಲೆಯೇ ತಿರುಗುಮುರುಗಾದ ತಗ್ಗು ಅಕ್ಷರಗಳು ಬೀಳುತ್ತವೆ, ಉಬ್ಬಿದ ಭಾಗಗಳು ಜಜ್ಜಿಹೋಗಿರುತ್ತವೆ. ಚರ್ಮದ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದ ನಾಣ್ಯ ಅಕ್ಷರಗಳ ಸಮೇತ ಹಿಗ್ಗುತ್ತದೆ. ಟಂಕಸಾಲೆಯಲ್ಲೇ ಕಾಲರ್ ಇಲ್ಲದೆ ಒತ್ತಿದ ನಾಣ್ಯವೂ ಅಗಲವಾಗುತ್ತದೆ, ಆದರೆ ಅದರಲ್ಲಿ ನಡುವಿನ ಚಿತ್ರ ತನ್ನ ಅಳತೆಯಲ್ಲೇ ಇರುತ್ತದೆ. ಆಮ್ಲದಲ್ಲಿ ಅದ್ದಿದ್ದು ತೆಳುವಾಗಿ, ತೂಕ ಕಳೆದುಕೊಂಡು, ಎರಡೂ ಕಡೆ ಸವೆದಿರುತ್ತದೆ. ಎರಡೂ ಬದಿಯಲ್ಲಿ ಒಂದೇ ಮುಖವಿರುವ ನಾಣ್ಯ ಸಿಕ್ಕರೆ, ಸಂಭ್ರಮಿಸುವ ಮೊದಲು ಅಂಚಿನ ಒಳಬದಿಯಲ್ಲಿ ಮಸೂರವನ್ನು ಸುತ್ತಲೂ ಆಡಿಸಿ: ಒಂದನ್ನು ಕೊರೆದು ಇನ್ನೊಂದನ್ನು ಕೂರಿಸಿದ ಜಾದೂಗಾರರ ನಾಣ್ಯವಾದರೆ ಕೂದಲೆಳೆಯಷ್ಟು ಸಣ್ಣ ಬೆಸುಗೆಯ ಗೆರೆ ಅಲ್ಲಿ ಸಿಗುತ್ತದೆ.