ಒಂದೇ ಶೀಟಿನಲ್ಲಿ ಇಡೀ ತರಗತಿ ಬರೆಯುವಾಗ

ವಿಜಯಪುರದ ಸ್ಮಾರಕಗಳ ಪಾಠಕ್ಕೆ ಗೂಗಲ್ ಶೀಟ್ಸ್, ಅಂದರೆ ಹಲವರು ಒಟ್ಟಿಗೆ ತುಂಬಬಹುದಾದ ಆನ್‌ಲೈನ್ ಕೋಷ್ಟಕ, ಚೆನ್ನಾಗಿ ಒಗ್ಗುತ್ತದೆ. ಶಿಕ್ಷಕರು ತಮ್ಮ ಖಾತೆಯಲ್ಲಿ ಒಂದು ಶೀಟ್ ತೆರೆದು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಂದು ಕೆಳಗೆ ಮೂರು ಟ್ಯಾಬ್ ಮಾಡಲಿ. ಟ್ಯಾಬಿಗೆ ನಾಲ್ಕೈದು ಮಕ್ಕಳು ಸಾಕು. ಹೆಚ್ಚಾದರೆ ಇಬ್ಬರು ಬರೆದು ಉಳಿದವರು ನೋಡುತ್ತ ಕೂರುತ್ತಾರೆ.

‘ಶೇರ್’ ಒತ್ತಿ, ಲಿಂಕ್ ಇದ್ದವರಿಗೆ ‘ಎಡಿಟರ್’ (ತಿದ್ದುವ) ಅನುಮತಿ ಕೊಡಿ. ಲಾಗಿನ್ ಆಗದ ಮಕ್ಕಳ ಹೆಸರು ಕಾಣುವುದಿಲ್ಲ, ಅನಾಮಧೇಯ ಪ್ರಾಣಿಗಳ ಚಿತ್ರವಷ್ಟೇ ಬರುತ್ತದೆ. ಅದಕ್ಕೇ ಮೊದಲ ಕಾಲಂ ಹಾಜರಿ ಸಂಖ್ಯೆಗೆ ಮೀಸಲಿರಲಿ. ತಲೆಬರಹದ ಸಾಲನ್ನು ‘ಡೇಟಾ’ ಮೆನುವಿನಿಂದ ಪ್ರೊಟೆಕ್ಟ್ ಮಾಡಿ, ಅಂದರೆ ಮಕ್ಕಳು ತಿದ್ದಲಾಗದಂತೆ ಬೀಗ ಹಾಕಿ, ಇಲ್ಲವಾದರೆ ಯಾರೋ ಅಳಿಸಿಯೇ ಅಳಿಸುತ್ತಾರೆ.

ನಿಜವಾದ ತೊಡಕು ಅಕ್ಷರದ್ದು. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ಕೊಟ್ಟದ್ದು) ಟೈಪಿಸಿದ್ದನ್ನು ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳು ಮೂಡುತ್ತವೆ. ಎಲ್ಲ ಕಂಪ್ಯೂಟರಿನಲ್ಲೂ ಮೊದಲೇ ಯೂನಿಕೋಡ್, ಅಂದರೆ ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಪದ್ಧತಿ, ಆಯ್ದಿಡಿ. ಹಳೆಯ ಕಡತವಿದ್ದರೆ ಆಸ್ಕಿಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಯಿಸಿ.

ಒಬ್ಬರು ಎಲ್ಲ ಅಳಿಸಿಬಿಟ್ಟರೆ ಬೈಯಬೇಡಿ, ಪಾಪ, ಕೈತಪ್ಪು. ‘ಫೈಲ್’ನಲ್ಲಿ ‘ವರ್ಷನ್ ಹಿಸ್ಟರಿ’ ತೆರೆದು ಹತ್ತು ನಿಮಿಷ ಹಿಂದಿನ ಪ್ರತಿ ಮರಳಿಸಿ. ಆದರೆ ಆ ಪ್ರತಿಯ ನಂತರ ಉಳಿದವರು ಬರೆದದ್ದೂ ಶೀಟಿನಿಂದ ಹೋಗುತ್ತದೆ. ಮರಳಿಸುವ ಮೊದಲು ಅದನ್ನು ನಕಲಿಸಿಟ್ಟುಕೊಳ್ಳಿ. ಪಾಠ ಮುಗಿದೊಡನೆ ಅನುಮತಿಯನ್ನು ‘ವ್ಯೂವರ್’ಗೆ (ನೋಡಲು ಮಾತ್ರ) ಇಳಿಸಿ.